ಓದುಗರ ಪ್ರಶ್ನೆ: ಬಟ್ಟೆಗೊಂದು ಬುಟ್ಟಿ, ಚಿಪ್ಪಿಗೊಂದು ಬುಟ್ಟಿ

ಕಳೆದ ಸಂಚಿಕೆಯಲ್ಲಿ ದಕ್ಷಿಣ ಕೊರಿಯಾದ ಜೆಜು ದ್ವೀಪದ ಬಿದಿರು ಬುಟ್ಟಿಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಲ್ಲಿ ಒಗೆಯುವ ಬಟ್ಟೆ ಒಯ್ಯುವ ಬುಟ್ಟಿಯೇ ಬೇರೆ, ಕಡಲ ದಂಡೆಯಲ್ಲಿ ಚಿಪ್ಪಿ ಆರಿಸೋಕೆ ಒಯ್ಯುವ ಬುಟ್ಟಿಯೇ ಬೇರೆ ಅಂತ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಕೆಲವು ಉದ್ದವಾಗಿವೆ, ಕೆಲವು ಎರಡೇ ಮಾತು.

ಪ್ರಶ್ನೆ: ಜೆಜುವಿನಲ್ಲಿ ನಡೆಯುವ ಒಂದು ಕೊರಿಯನ್ ಧಾರಾವಾಹಿ ನೋಡುತ್ತಿದ್ದೆ. ಹಳೇ ಕಾಲದ ದೃಶ್ಯಗಳಲ್ಲಿ ಹೆಂಗಸರು ಬುಟ್ಟಿಯನ್ನು ಬೆನ್ನ ಮೇಲೆ ಹೊತ್ತಿದ್ದರು. ನೀವು ಬರೆದ ಬುಟ್ಟಿ ಅದೇನಾ? ತಲೆ ಮೇಲೆ ಯಾಕೆ ಹೊರಲ್ಲ?

ಹೌದು, ಅದೇ. ಅದನ್ನು ಗುದೊಕ್ ಅಂತಾರೆ. ಹೆಚ್ಚುಕಡಿಮೆ ಆಯತಾಕಾರ, ಮೂಲೆಗಳು ಸ್ವಲ್ಪ ಗುಂಡಗೆ, ತಳ ಚಪ್ಪಟೆ, ಮುಚ್ಚಳ ಇಲ್ಲ. ಮುಚ್ಚಳ ಇರುವ, ಊಟ ತಿಂಡಿ ಇಡುವ ಬಿದಿರಿನ ಡಬ್ಬಿಗೆ ಚಾರೊಂಗ್ ಅಂತ ಬೇರೆಯೇ ಹೆಸರಿದೆ. ಗುದೊಕ್‌ಗಳಲ್ಲಿ ಕೆಲಸಕ್ಕೆ ತಕ್ಕ ಹಾಗೆ ಜಾತಿಗಳಿವೆ. ಮುಲ್-ಗುದೊಕ್ ನೀರಿನ ಮಡಕೆಗೆ, ಸೊದಾಪ್-ಗುದೊಕ್ ಬಟ್ಟೆಗೆ, ಬಾರುತ್-ಗುದೊಕ್ ಚಿಪ್ಪಿಗೆ, ಸೊಂಗ್ಕಿ-ಗುದೊಕ್ ತರಕಾರಿಗೆ, ಎಗಿ-ಗುದೊಕ್ ಮಗುವಿಗೆ. ಮಗುವಿಗಾ ಅಂತ ಗಾಬರಿ ಆಗಬೇಡಿ, ಅದಕ್ಕೂ ಮುಂದೆ ಬರುತ್ತೇನೆ.

ತಲೆ ಮೇಲೆ ಯಾಕೆ ಹೊರಲ್ಲ ಅನ್ನೋದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಎರಡು, ಗಾಳಿ ಮತ್ತು ಕಲ್ಲು. ಜೆಜುವಿನಲ್ಲಿ ಮೂರು ಜಾಸ್ತಿ, ಗಾಳಿ, ಕಲ್ಲು, ಹೆಂಗಸರು ಅಂತ ಕೊರಿಯಾದಲ್ಲಿ ಒಂದು ಹಳೇ ಮಾತೇ ಇದೆ. ಕೊರಿಯಾದ ಮುಖ್ಯ ಭೂಭಾಗದ ಹೆಂಗಸರು ನೀರಿನ ಮಡಕೆಯನ್ನು ತಲೆ ಮೇಲೆ ಹೊತ್ತು ಹೋಗುತ್ತಿದ್ದರು. ಜೆಜುವಿನ ದಾರಿ ಪೂರ್ತಿ ಕಪ್ಪು ಲಾವಾ ಕಲ್ಲು, ಮೇಲಿಂದ ಕಡಲ ಗಾಳಿ ಬೀಸಿ ಬೀಸಿ ಹೊಡೆಯುತ್ತದೆ. ತಲೆ ಮೇಲೆ ಭಾರ ಇಟ್ಟುಕೊಂಡರೆ ಕಾಲು ಎಲ್ಲಿ ಇಡಬೇಕು ಅಂತ ಬಗ್ಗಿ ನೋಡೋಕೇ ಆಗಲ್ಲ, ಅಲ್ವಾ? ಬೆನ್ನ ಮೇಲಿದ್ದರೆ ಭಾರ ಮೈಗೆ ಅಂಟಿಕೊಂಡಿರುತ್ತದೆ, ಕಣ್ಣು ನೆಲದ ಮೇಲಿರುತ್ತದೆ. ಬುಟ್ಟಿಯ ಸುತ್ತ ಬಳಸಿದ ಹಗ್ಗ ಎದೆಯ ಮುಂದಕ್ಕೆ ಬರುತ್ತದೆ, ಅದನ್ನು ಕೈಯಲ್ಲಿ ಹಿಡಿದುಕೊಂಡು ನಡೆಯುತ್ತಾರೆ. ಬುಟ್ಟಿಯ ಬದಿ ಯಾಕೆ ಚಪ್ಪಟೆ, ಗುಂಡಗೆ ಯಾಕಿಲ್ಲ ಅನ್ನೋದಕ್ಕೂ ಇದೇ ಉತ್ತರ ಅಂತ ನನಗನ್ನಿಸುತ್ತದೆ. ಗುಂಡು ಬುಟ್ಟಿ ಬೆನ್ನ ಮೇಲೆ ಅತ್ತಿತ್ತ ಹೊರಳುತ್ತದೆ. ಚಪ್ಪಟೆ ಬದಿ ಇರುವ ಬುಟ್ಟಿ ಬೆನ್ನಿಗೆ ಒತ್ತಿ ಕೂರುತ್ತದೆ.

ಪ್ರಶ್ನೆ: ಬಟ್ಟೆ ಒಗೆಯೋಕೆ ಪ್ರತ್ಯೇಕ ಬುಟ್ಟಿ ಯಾಕೆ? ಮನೆಯಲ್ಲೇ ಒಗೆಯಬಹುದಿತ್ತಲ್ಲ. ಸಮುದ್ರದ ಪಕ್ಕ ಹೋಗಿ ಬಟ್ಟೆ ಒಗೆಯುತ್ತಿದ್ದರು ಅಂತ ಬರೆದಿದ್ದೀರಿ, ಉಪ್ಪು ನೀರಲ್ಲಾ?

ಒಳ್ಳೇ ಪ್ರಶ್ನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಜೆಜು ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪ. ನಡುವೆ 1,947 ಮೀಟರ್ ಎತ್ತರದ ಹಲ್ಲಾಸಾನ್ ಪರ್ವತ. ಕೊರಿಯಾದಲ್ಲೇ ಜಾಸ್ತಿ ಮಳೆ ಬೀಳುವ ಜಾಗಗಳಲ್ಲಿ ಇದೂ ಒಂದು. ಆದರೆ ಬಿದ್ದ ಮಳೆ ನೆಲದ ಮೇಲೆ ನಿಲ್ಲಲ್ಲ. ಕಲ್ಲಿನ ತುಂಬಾ ತೂತು, ಬಿರುಕು. ನೀರು ಸೀದಾ ಒಳಗೆ ಇಳಿದುಬಿಡುತ್ತದೆ. ಹೊಳೆಗಳೂ ಅಷ್ಟೇ, ಬಹುತೇಕ ಹೊಳೆಗಳಲ್ಲಿ ಮಳೆ ಬಂದಾಗ ಮಾತ್ರ ನೀರು, ಉಳಿದ ದಿನ ಬರೀ ಬಂಡೆ. ಒಳಗೆ ಇಳಿದ ನೀರು ಬೆಟ್ಟದ ಬುಡದ ಕೆಳಗೇ ಹರಿದು ಹರಿದು ಕೊನೆಗೆ ಕಡಲ ದಂಡೆಯಲ್ಲಿ ಬುಗ್ಗೆಯಾಗಿ ಹೊರಗೆ ಬರುತ್ತದೆ. ಸಿಹಿ ನೀರು, ತಣ್ಣಗಿರುತ್ತದೆ. ಅದಕ್ಕೇ ದ್ವೀಪದ ಹಳೇ ಊರುಗಳು ಹೆಚ್ಚಾಗಿ ದಂಡೆಯ ಉದ್ದಕ್ಕೇ ಇವೆ. ಕುಡಿಯೋಕೂ ಅದೇ ಬುಗ್ಗೆ, ಒಗೆಯೋಕೂ ಅದೇ.

ಈಗಲೂ ಜೊಚೊನ್‌ನಂಥ ಊರುಗಳಿಗೆ ಹೋದರೆ ಈ ಬುಗ್ಗೆಗಳಿಗೆ ಕಟ್ಟಿದ ಕಲ್ಲಿನ ಕಟ್ಟೆ ಕಾಣುತ್ತದೆ. ಒಳಗೆ ಒಂದರ ಕೆಳಗೊಂದು ಅಂಕಣ. ನೀರು ಉಕ್ಕುವ ಮೊದಲನೇ ಅಂಕಣ ಕುಡಿಯೋಕೆ ಮಾತ್ರ, ಅಲ್ಲಿ ಯಾರೂ ಕೈ ಅದ್ದುವ ಹಾಗಿಲ್ಲ. ಅದರಿಂದ ಹರಿದು ಬಂದ ನೀರಲ್ಲಿ ತರಕಾರಿ, ಧಾನ್ಯ ತೊಳೆಯೋದು. ಅದರ ಕೆಳಗಿನದ್ದು ಬಟ್ಟೆಗೆ. ಆಮೇಲೆ ನೀರು ಕಡಲಿಗೆ. ಯಾವ ಎಂಜಿನಿಯರೂ ಬೇಕಿಲ್ಲದ ಲೆಕ್ಕ ಇದು. ಆದರೆ ಇದನ್ನು ಮುರಿದವಳನ್ನು ಊರಿನ ಹೆಂಗಸರು ಸುಮ್ನೆ ಬಿಟ್ಟಿರಲಿಕ್ಕಿಲ್ಲ.

ಈಗ ಮುಖ್ಯ ವಿಷಯ. ಈ ಬುಗ್ಗೆಗಳಲ್ಲಿ ಎಷ್ಟೋ ಇರೋದು ಉಬ್ಬರ-ಇಳಿತದ ಗೆರೆಯಲ್ಲೇ. ಉಬ್ಬರ ಬಂದರೆ ಕಡಲು ಮೇಲೇರಿ ಬುಗ್ಗೆ ಮುಳುಗಿಹೋಗುತ್ತದೆ, ನೀರು ಉಪ್ಪಾಗುತ್ತದೆ. ಇಳಿತ ಆದಾಗ ಮತ್ತೆ ಸಿಹಿ ನೀರು. ಅಂದರೆ ಒಗೆಯೋಕೆ ಹೋಗೋದು ಯಾವಾಗ ಅಂತ ಹೇಳುತ್ತಿದ್ದದ್ದು ಕಡಲು. ಇನ್ನೊಂದು ವಿಷಯ ಗಮನಿಸಿ. ಚಿಪ್ಪಿ ಆರಿಸೋಕೆ ಬಂಡೆಗಳು ತೆರೆದುಕೊಳ್ಳೋದೂ ಅದೇ ಇಳಿತದಲ್ಲಿ! ಬಟ್ಟೆ ಬುಟ್ಟಿಯೂ ಚಿಪ್ಪಿ ಬುಟ್ಟಿಯೂ ಒಂದೇ ಗಡಿಯಾರಕ್ಕೆ ಕಟ್ಟಿದ ಬುಟ್ಟಿಗಳು. ಆ ಕೆಲವು ಗಂಟೆಗಳಲ್ಲಿ ಮನೆಯ ಹೆಂಗಸು ಯಾವ ಬುಟ್ಟಿ ಎತ್ತಿಕೊಳ್ಳಬೇಕು, ಮಗಳ ಕೈಗೆ ಯಾವುದನ್ನು ಕೊಡಬೇಕು ಅಂತ ತೀರ್ಮಾನ ಮಾಡಬೇಕಿತ್ತು. ಈ ಬುಟ್ಟಿಗಳ ಬಗ್ಗೆ ಬರೆಯುವವರು ಹೆಣಿಗೆ ಚಂದ, ಬಣ್ಣ ಚಂದ ಅಂತ ಬರೆಯುತ್ತಾರೆ. ನನಗೆ ಮಾತ್ರ ಈ ಸಮಯದ ಲೆಕ್ಕವೇ ದೊಡ್ಡದು ಅನ್ನಿಸುತ್ತದೆ.

ಬುಟ್ಟಿಯೇ ಯಾಕೆ ಅಂದಿರಿ. ಒಣ ಬಟ್ಟೆ ಒಯ್ಯೋಕೆ ಗಂಟು ಕಟ್ಟಿದರೂ ಸಾಕು. ಕಷ್ಟ ಇರೋದು ವಾಪಸ್ ಬರುವಾಗ. ಹತ್ತಿ ಬಟ್ಟೆ ಎಷ್ಟೇ ಹಿಂಡಿದರೂ ನೀರು ಹಿಡಿದುಕೊಂಡೇ ಇರುತ್ತದೆ. ಬಿದಿರಿನ ದಬ್ಬೆಗಳ ನಡುವೆ ಸಂದಿ ಇರೋದರಿಂದ ಆ ನೀರು ದಾರಿಯುದ್ದಕ್ಕೂ ತೊಟ್ಟಿಕ್ಕುತ್ತಾ ಹೋಗುತ್ತದೆ, ಭಾರ ಅಷ್ಟಷ್ಟೇ ಇಳಿಯುತ್ತದೆ. ಗಟ್ಟಿ ತಳದ ಪಾತ್ರೆಯಲ್ಲಾದರೆ ಹಿಂಡಿದ ಕೊಳೆ ನೀರಲ್ಲೇ ಒಗೆದ ಬಟ್ಟೆ ಮತ್ತೆ ನೆನೆಯುತ್ತದೆ. ಬೆನ್ನು ಒದ್ದೆ ಆಗುತ್ತಿತ್ತು, ಅದು ಬೇರೆ ಮಾತು.

ಸೋಪು ಬರುವ ಮುಂಚೆ ಬೂದಿ ನೀರಲ್ಲಿ ನೆನೆಸಿ, ಚಪ್ಪಟೆ ಕಲ್ಲಿನ ಮೇಲಿಟ್ಟು ಮರದ ಕೋಲಿಂದ ಬಡಿಯುತ್ತಿದ್ದರು. ಹೊಲದ ಕೆಲಸಕ್ಕೆ ಹಾಕುವ ಬಟ್ಟೆಗೆ ಅವರದ್ದೇ ಒಂದು ಉಪಾಯ ಇತ್ತು. ಬಲಿಯದ ಪರ್ಸಿಮನ್ ಹಣ್ಣು ಜಜ್ಜಿ, ಅದರ ಒಗರು ರಸದಲ್ಲಿ ಬಟ್ಟೆ ಅದ್ದಿ ಬಿಸಿಲಿಗೆ ಹಾಕುತ್ತಿದ್ದರು. ಬಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗಿ ಗಂಜಿ ಹಾಕಿದ ಹಾಗೆ ಬಿರುಸಾಗುತ್ತದೆ. ಬೆವರಿಗೆ ಮೈಗಂಟಲ್ಲ, ಕೊಳೆ ಬೇಗ ಹಿಡಿಯಲ್ಲ. ಗಾಲೊತ್ ಅಂತ ಅದರ ಹೆಸರು. ನೀರಿಗಾಗಿ ಇಷ್ಟು ನಡೆಯಬೇಕಾದ ಊರಲ್ಲಿ, ಕಡಿಮೆ ಒಗೆದರೂ ನಡೆಯುವ ಬಟ್ಟೆ ಕಂಡುಹಿಡಿದದ್ದು ಸಹಜವೇ.

ಪ್ರಶ್ನೆ: ನೀರಿನ ಮಡಕೆ ಇಟ್ಟ ಬುಟ್ಟಿಯನ್ನು ಬೆನ್ನಿಂದ ಇಳಿಸೋದು ಹೇಗೆ? ಒಬ್ಬರೇ ಇದ್ದರೆ ಚೆಲ್ಲುವುದಿಲ್ಲವೇ?

ಮನೆ ಹತ್ತಿರ, ಬುಗ್ಗೆ ಹತ್ತಿರ ಕಲ್ಲಿನ ಒಂದು ಜಗಲಿ ಕಟ್ಟಿರುತ್ತಿದ್ದರು, ಮುಲ್‌ಪಾಂಗ್ ಅಂತ. ಸುಮಾರು ಸೊಂಟದ ಎತ್ತರ. ಅದಕ್ಕೆ ಬೆನ್ನು ಮಾಡಿ ನಿಂತು ಸ್ವಲ್ಪವೇ ಕುಸಿದರೆ ಸಾಕು, ಬುಟ್ಟಿ ಕಲ್ಲಿನ ಮೇಲೆ ಕೂರುತ್ತದೆ, ಹಗ್ಗ ಸಡಿಲ ಆಗುತ್ತದೆ. ಬಗ್ಗೋದೂ ಬೇಡ, ಯಾರನ್ನೂ ಕರೆಯೋದೂ ಬೇಡ. ಮಡಕೆಯ ಕುತ್ತಿಗೆ ಸಣ್ಣಗಿರೋದರಿಂದ ನಡೆಯುವಾಗ ನೀರು ಚೆಲ್ಲುವುದು ಕಡಿಮೆ. ಅಭ್ಯಾಸ ಇದ್ದವರು ಇಳಿಸುತ್ತಲೂ ಇರಲಿಲ್ಲ. ಹೊತ್ತ ಹಾಗೇ ಹೆಗಲು ಬಗ್ಗಿಸಿ ಭುಜದ ಮೇಲಿಂದ ನೀರನ್ನು ಮನೆಯ ಹಂಡೆಗೆ ಸುರಿದುಬಿಡುತ್ತಿದ್ದರು. ಹುಡುಗಿಯರಿಗೆ ಸಣ್ಣ ಮಡಕೆ ಬೇರೆ ಇತ್ತು. ಅಂದರೆ ಚಿಕ್ಕ ವಯಸ್ಸಿಗೇ ಬೆನ್ನಿಗೆ ಕೆಲಸ ಅಂಟಿಕೊಳ್ಳುತ್ತಿತ್ತು. ಖಾಲಿ ಮಡಕೆಯನ್ನು ತಟ್ಟಿ ಹಾಡಿಗೆ ತಾಳ ಹಾಕುವ ರೂಢಿಯೂ ಇತ್ತು, ಇವತ್ತಿಗೂ ಜಾನಪದ ಕಾರ್ಯಕ್ರಮಗಳಲ್ಲಿ ಅದನ್ನು ನುಡಿಸುತ್ತಾರೆ.

ಪ್ರಶ್ನೆ: ಜೆಜುವಿನ ಮುಳುಗುಗಾರ್ತಿಯರು ಪ್ರಸಿದ್ಧರು. ಅವರು ಈ ಬುಟ್ಟಿಯನ್ನು ನೀರೊಳಗೆ ಒಯ್ಯುತ್ತಾರಾ?

ಇಲ್ಲ. ತುಂಬಾ ಜನ ಇವೆರಡನ್ನು ಒಂದೇ ಅಂದುಕೊಂಡು ಬರೆದಿದ್ದೀರಿ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಮುಳುಗುಗಾರ್ತಿಯರನ್ನು ಹೆನ್ಯೊ ಅಂತಾರೆ. ಆಮ್ಲಜನಕದ ಸಿಲಿಂಡರ್ ಇಲ್ಲದೆ, ಉಸಿರು ಹಿಡಿದು ಸುಮಾರು 10 ಮೀಟರ್ ಆಳಕ್ಕೆ ಹೋಗಿ, ಒಂದು ನಿಮಿಷದ ಆಸುಪಾಸು ಇದ್ದು ಮೇಲೆ ಬರುತ್ತಾರೆ. ಕಿವಿಯಾಕಾರದ ಅಬಲೋನ್, ಮುಳ್ಳು ಮುಳ್ಳಾದ ಟರ್ಬನ್ ಚಿಪ್ಪು, ಕಡಲ ಮುಳ್ಳುಚೆಂಡು, ಪಾಚಿ, ಹೀಗೆ ಏನೇನೋ ತರುತ್ತಾರೆ. ಅವರು ಹಿಡಿದದ್ದನ್ನು ಹಾಕೋದು ಮಾಂಗ್‌ಸಾರಿ ಅನ್ನುವ ಬಲೆ ಚೀಲಕ್ಕೆ. ಅದು ತೆವಾಕ್ ಅನ್ನುವ ತೇಲುಗುಂಡಿನ ಕೆಳಗೆ ಜೋತಾಡುತ್ತಿರುತ್ತದೆ. ಮೊದಲು ಆ ತೇಲುಗುಂಡು ಅಂದರೆ ಒಣಗಿದ ದೊಡ್ಡ ಸೋರೆಬುರುಡೆ, ಆಮೇಲೆ ಥರ್ಮೋಕೋಲ್ ಬಂತು. ಬಿದಿರು ಬುಟ್ಟಿ ಅಲ್ಲಿ ಕೆಲಸಕ್ಕೆ ಬರಲ್ಲ. ಅಲೆಗೆ ಸಿಕ್ಕಿದರೆ ಬುಟ್ಟಿಯ ಬಿರುಸು ಮೈ ಬಂಡೆಗೆ ಬಡಿದು ಒಡೆಯುತ್ತದೆ. ಬಲೆಯಾದರೆ ಮಡಚಿಕೊಳ್ಳುತ್ತದೆ, ತುಂಬಿದಷ್ಟೂ ಹಿಗ್ಗುತ್ತದೆ.

ಆದರೆ ಕಡಲವರೆಗೆ ಹೋಗೋದು ಬುಟ್ಟಿಯಲ್ಲೇ. ತೆವಾಕ್, ಬಲೆ, ಚಿಪ್ಪು ಎಬ್ಬಿಸುವ ಕಬ್ಬಿಣ, ಜೊತೆಗೆ ಸೌದೆ, ಎಲ್ಲವನ್ನೂ ಬೆನ್ನ ಬುಟ್ಟಿಯಲ್ಲಿ ಹೊತ್ತು ಹೋಗುತ್ತಿದ್ದರು. ಸೌದೆ ಯಾಕೆ ಅಂದರೆ ದಂಡೆಯಲ್ಲಿ ಕಲ್ಲಿನ ಗೋಡೆ ಕಟ್ಟಿದ ಬುಲ್‌ತೊಕ್ ಅನ್ನುವ ಜಾಗ ಇರುತ್ತಿತ್ತು. ಮುಳುಗಿ ಬಂದವರು ಅಲ್ಲಿ ಬೆಂಕಿ ಹಾಕಿ ಮೈ ಕಾಸಿಕೊಂಡು ಬಟ್ಟೆ ಬದಲಿಸುತ್ತಿದ್ದರು. 1970ರ ದಶಕದಲ್ಲಿ ರಬ್ಬರ್ ಉಡುಪು ಬರುವ ತನಕ ಅವರು ತಣ್ಣನೆ ನೀರಿಗೆ ಇಳಿಯುತ್ತಿದ್ದದ್ದು ಬರೀ ಹತ್ತಿ ಬಟ್ಟೆಯಲ್ಲಿ.

ಇನ್ನು ಬಾರುತ್-ಗುದೊಕ್ ವಿಷಯ. ಬಾರುತ್ ಅಂದರೆ ಮುಳುಗದೆ, ಇಳಿತದ ಹೊತ್ತಿಗೆ ದಂಡೆಯ ಬಂಡೆಗಳ ನಡುವೆ ನಡೆದು ಆರಿಸೋದು. ಮುಳುಗೋಕೆ ವರ್ಷಗಟ್ಟಲೆ ಅಭ್ಯಾಸ ಬೇಕು, ಇದಕ್ಕೆ ಕಾಲು ಗಟ್ಟಿ ಇದ್ದರೆ ಸಾಕು. ಅದಕ್ಕೇ ಅಜ್ಜಿಯರು, ಮಕ್ಕಳು, ಎಲ್ಲರೂ ಹೋಗುತ್ತಿದ್ದರು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತದಲ್ಲಿ ನೀರು ತುಂಬಾ ಹಿಂದೆ ಹೋಗುತ್ತದೆ, ಬೇರೆ ದಿನ ಕಾಣದ ಕಲ್ಲುಗಳು ಮೇಲೇಳುತ್ತವೆ. ಕಲ್ಲು ಮಗುಚಿದರೆ ಕೆಳಗೆ ಬೊಮಾಲ್, ಅಂದರೆ ಬಸವನಹುಳುವಿನ ಥರ ಸುರುಳಿ ಇರುವ ಸಣ್ಣ ಚಿಪ್ಪು. ಬಂಡೆಗೆ ಟೋಪಿ ಹಾಕಿದ ಹಾಗೆ ಅಂಟಿಕೊಂಡ ಲಿಂಪೆಟ್. ಸಂದಿಯಲ್ಲಿ ಸಣ್ಣ ಏಡಿ. ಅದೃಷ್ಟ ಇದ್ದರೆ ಒಂದು ಆಕ್ಟೋಪಸ್.

ಈ ಬುಟ್ಟಿಗೂ ನೀರು ಸೋರೋದೇ ದೊಡ್ಡ ಗುಣ. ಚಿಪ್ಪಿಯ ಜೊತೆ ಮರಳು ಬರುತ್ತದೆ, ಕೆಸರು ಬರುತ್ತದೆ. ಬುಟ್ಟಿ ಸಮೇತ ನೀರಲ್ಲಿ ಅದ್ದಿ ನಾಲ್ಕು ಸಲ ಅಲ್ಲಾಡಿಸಿದರೆ ಅವೆಲ್ಲ ಸಂದಿಯಿಂದ ಇಳಿದುಹೋಗುತ್ತವೆ, ಚಿಪ್ಪಿ ಮಾತ್ರ ಉಳಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಚಿಪ್ಪಿ ತುಂಬಿ ನೋಡಿದವರಿಗೆ ಗೊತ್ತಿರುತ್ತದೆ, ನಿಂತ ನೀರಲ್ಲಿ ಉಸಿರು ಕಟ್ಟಿ ಬೇಗ ಸಾಯುತ್ತವೆ, ವಾಸನೆ ಹಿಡಿಯುತ್ತದೆ. ಗಾಳಿ ಆಡುವ ಬುಟ್ಟಿಯಲ್ಲಿ, ಮೇಲೆ ಒದ್ದೆ ಪಾಚಿ ಮುಚ್ಚಿಟ್ಟರೆ ಜಾಸ್ತಿ ಹೊತ್ತು ಜೀವಂತ ಇರುತ್ತವೆ.

ಪ್ರಶ್ನೆ: ಎರಡಕ್ಕೂ ಒಂದೇ ಬುಟ್ಟಿ ಬಳಸಿದರೆ ಏನಾಗುತ್ತದೆ?

ಚಿಪ್ಪಿ ಬುಟ್ಟಿಗೆ ಒಗೆದ ಬಟ್ಟೆ ಹಾಕಿ ನೋಡಿ, ಆಮೇಲೆ ಮನೆಯವರು ಏನು ಹೇಳುತ್ತಾರೆ ಕೇಳಿ. ವಾಸನೆ ಒಂದು ಕಡೆ ಇರಲಿ. ಉಪ್ಪು ಹಿಡಿದ ಬಿದಿರು ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ, ಪೂರ್ತಿ ಒಣಗೋದೇ ಇಲ್ಲ. ಜೊತೆಗೆ ಚಿಪ್ಪಿನ ಚೂಪು ಅಂಚು ತಾಗಿ ತಾಗಿ ದಬ್ಬೆಗಳಲ್ಲಿ ಸಿಬಿರು ಏಳುತ್ತದೆ, ಬಟ್ಟೆ ಸಿಕ್ಕಿ ಹರಿಯುತ್ತದೆ. ಬಟ್ಟೆ ಬುಟ್ಟಿ ಹಳತಾದ ಮೇಲೆ ಚಿಪ್ಪಿಗೆ ಬಳಸಬಹುದು, ಚಿಪ್ಪಿ ಬುಟ್ಟಿಯನ್ನು ಬಟ್ಟೆಗೆ ತರೋಕಾಗಲ್ಲ.

ಪ್ರಶ್ನೆ: ಯಾವ ಬಿದಿರು ಬಳಸುತ್ತಾರೆ? ನಾನು ಹವ್ಯಾಸಕ್ಕೆ ಹೆಣೆಯುತ್ತೇನೆ. ಮೂಲೆ ತಿರುಗಿಸುವಾಗ ನನ್ನ ದಬ್ಬೆಗಳು ಪಟಪಟ ಮುರಿಯುತ್ತವೆ.

ಜೆಜುವಿನ ಬುಟ್ಟಿಗಳಿಗೆ ದಪ್ಪ ಬಿದಿರಲ್ಲ, ಸಪೂರ ಬಿದಿರು. ಸ್ಯೂಡೋಸಾಸಾ ಜಪೋನಿಕಾ ಅಂತ ಅದರ ಸಸ್ಯಶಾಸ್ತ್ರದ ಹೆಸರು. ಹಿಂದೆ ಬಾಣ ಮಾಡೋಕೆ ಬಳಸುತ್ತಿದ್ದ ಜಾತಿ. ಬೆರಳಿನಷ್ಟೇ ದಪ್ಪ. ಗೆಣ್ಣಿಂದ ಗೆಣ್ಣಿಗೆ ಅಂತರ ಉದ್ದ, ಗೆಣ್ಣು ಜಾಸ್ತಿ ಉಬ್ಬಿರಲ್ಲ. ಅದರಿಂದ ಸೀಳಿದಾಗ ನೇರವಾದ, ಒಂದೇ ದಪ್ಪದ ಉದ್ದ ಪಟ್ಟಿ ಸಿಗುತ್ತದೆ. ಮನೆಗಳ ಹಿಂದೆ ಗಾಳಿ ತಡೆಯೋಕೆ ಇದನ್ನೇ ಬೆಳೆಸುತ್ತಿದ್ದರು. ಅಂದರೆ ಬುಟ್ಟಿಯ ಸಾಮಾನು ಹಿತ್ತಲಲ್ಲೇ. ಚಳಿಗಾಲಕ್ಕೆ ಹೊಲದ ಕೆಲಸ ಮುಗಿದ ಮೇಲೆ ಕಡಿದು, ಸೀಳಿ, ಹೆಣೆಯುತ್ತಿದ್ದರು. ಚಳಿಗಾಲದಲ್ಲಿ ಕಡಿದ ಬಿದಿರಿಗೆ ಹುಳುವಿನ ಕಾಟವೂ ಕಡಿಮೆ.

ನಿಮ್ಮ ಕಷ್ಟಕ್ಕೆ ಬರೋಣ. ಮೂಲೆಯಲ್ಲಿ ಮುರಿಯುತ್ತಿದ್ದರೆ ಮೂರರಲ್ಲಿ ಒಂದು ಕಾರಣ ಇರುತ್ತದೆ. ದಬ್ಬೆ ಒಣಗಿದೆ, ಇಲ್ಲಾ ದಪ್ಪ ಇದೆ, ಇಲ್ಲಾ ಗೆಣ್ಣು ಸರಿಯಾಗಿ ಮೂಲೆಗೇ ಬಂದಿದೆ. ಒಣಗಿದ್ದರೆ ನೀರಲ್ಲಿ ಚೆನ್ನಾಗಿ ನೆನೆಸಿ, ಹೆಣೆಯುವಾಗಲೂ ಒದ್ದೆ ಬಟ್ಟೆ ಮುಚ್ಚಿಡಿ. ದಪ್ಪ ಇದ್ದರೆ ಒಳಗಿನ ಮೆತ್ತನೆ ಭಾಗ ಹೆರೆದು ತೆಗೆಯಿರಿ, ಹೊರಗಿನ ಹೊಳೆಯುವ ಸಿಪ್ಪೆಯನ್ನು ಮಾತ್ರ ಮುಟ್ಟಬೇಡಿ, ಬಿದಿರಿನ ಶಕ್ತಿ ಎಲ್ಲಾ ಅಲ್ಲೇ ಇರೋದು. ಬಗ್ಗಿಸುವಾಗ ಆ ಸಿಪ್ಪೆ ಹೊರಮೈಗೆ ಬರಲಿ. ಗೆಣ್ಣಿನ ವಿಷಯಕ್ಕೆ ಔಷಧಿ ಇಲ್ಲ, ದಬ್ಬೆಯನ್ನು ಮುಂದೆ ಹಿಂದೆ ಸರಿಸಿ ಗೆಣ್ಣು ಬದಿಗೆ ಬರುವ ಹಾಗೆ ನೋಡಿಕೊಳ್ಳಬೇಕು. ಬೆರಳಿಂದ ಒತ್ತಿ ಹಿಡಿದು ನಿಧಾನ ಬಗ್ಗಿಸಿ. ಒಮ್ಮೆಲೇ ಚೂಪು ಮೂಲೆ ಬೇಡ. ಗುದೊಕ್‌ನ ಮೂಲೆಗಳು ಗುಂಡಗಿವೆ ಅಂತ ಮೊದಲೇ ಹೇಳಿದೆನಲ್ಲ.

ಪ್ರಶ್ನೆ: ಮಗುವನ್ನು ಬುಟ್ಟಿಯಲ್ಲಿ ಹಾಕೋದಾ? ಓದಿ ಬೇಜಾರಾಯಿತು.

ಬೇಜಾರು ಮಾಡಿಕೊಳ್ಳಬೇಡಿ, ತೊಟ್ಟಿಲು ಅಂತ ತಿಳಿದುಕೊಳ್ಳಿ. ಎಗಿ-ಗುದೊಕ್ ಉದ್ದಕ್ಕೆ, ಮಗು ಕಾಲು ಚಾಚಿ ಮಲಗುವ ಹಾಗೆ ಇರುತ್ತದೆ. ಒಳಗೆ ಅರ್ಧ ಎತ್ತರದಲ್ಲಿ ಹಗ್ಗದ ಜಾಲ ಕಟ್ಟಿ, ಅದರ ಮೇಲೆ ಹುಲ್ಲು, ಬಟ್ಟೆ ಹಾಸುತ್ತಾರೆ. ಮಗು ಒದ್ದೆ ಮಾಡಿದರೂ ನೀರು ಕೆಳಗೆ ಇಳಿಯುತ್ತದೆ, ಕೆಳಗಿಂದ ಗಾಳಿ ಆಡುತ್ತದೆ. ತಾಯಿ ಪಕ್ಕದಲ್ಲಿ ಕೂತು ಕೈಯಲ್ಲಿ ಬೇರೆ ಕೆಲಸ ಮಾಡುತ್ತಾ ಕಾಲಲ್ಲಿ ಬುಟ್ಟಿ ತೂಗುತ್ತಾಳೆ. ಹೊಲಕ್ಕೋ ಕಡಲಿಗೋ ಹೋಗಬೇಕಾದರೆ ಮಗು ಸಮೇತ ಬೆನ್ನಿಗೆ.

ಬಾಣಂತನದ ಆರೈಕೆ ಮುಗಿಯುವ ಮುಂಚೆಯೇ ಕೆಲಸಕ್ಕೆ ಹೋಗಬೇಕಾದ ಹೆಂಗಸರಿಗೆ ಅದು ಉಪಕಾರವೇ. ಆದರೆ ಅದನ್ನು ಬರೀ ಅಮ್ಮನ ಪ್ರೀತಿಯ ಸಂಕೇತ ಅಂತ ಹಾಡಿ ಹೊಗಳೋದು ನನಗೆ ಒಪ್ಪಿಗೆ ಇಲ್ಲ. ನೀರು, ಬಟ್ಟೆ, ಚಿಪ್ಪಿ, ಸೌದೆ, ಮಗು, ಎಲ್ಲವೂ ಒಂದೇ ಬೆನ್ನ ಮೇಲೆ ಬಂದಾಗ ಎಲ್ಲಕ್ಕೂ ಒಂದೇ ಆಕಾರದ ಬುಟ್ಟಿ ಆಗುತ್ತದೆ, ಅಷ್ಟೇ. ಆಮೇಲೆ ಬಿದಿರಿನ ಬದಲು ಕಬ್ಬಿಣದ ಚೌಕಟ್ಟಿನ ತೊಟ್ಟಿಲು ಬಂತು, ಅದಕ್ಕೂ ಅದೇ ಹೆಸರು ಉಳಿಯಿತು.

ಪ್ರಶ್ನೆ: ನಮ್ಮ ಮನೆಯ ಬಿದಿರು ಬುಟ್ಟಿಯನ್ನು ಒದ್ದೆ ಬಟ್ಟೆಗೆ ಬಳಸುತ್ತಿದ್ದೇನೆ. ತಳದಲ್ಲಿ ಕಪ್ಪು ಕಲೆ ಬಂದಿದೆ.

ಬೂಷ್ಟು ಅದು. ಬುಟ್ಟಿಯಲ್ಲಿ ಒದ್ದೆ ಬಟ್ಟೆ ಇಟ್ಟು ಮರೆಯಬೇಡಿ, ಅದು ಸಾಗಿಸೋಕೆ ಇರುವ ಸಾಮಾನು, ಇಟ್ಟುಕೊಳ್ಳೋಕಲ್ಲ. ಈಗ ಬಂದಿರೋದನ್ನು ಗಟ್ಟಿ ಬ್ರಷ್‌ನಲ್ಲಿ, ಸ್ವಲ್ಪ ವಿನೆಗರ್ ಬೆರೆಸಿದ ನೀರಲ್ಲಿ ಉಜ್ಜಿ. ಆಮೇಲೆ ಬೋರಲು ಹಾಕಿ, ನೆರಳಲ್ಲಿ, ಗಾಳಿ ಆಡುವ ಕಡೆ ಒಣಗಿಸಿ. ಕೆಳಗೆ ಎರಡು ಕಡ್ಡಿ ಇಟ್ಟು ನೆಲದಿಂದ ಎತ್ತಿದರೆ ಇನ್ನೂ ಒಳ್ಳೇದು. ಕಟುಬಿಸಿಲಿಗೆ ದಿನವಿಡೀ ಇಟ್ಟರೆ ಬಿರುಕು ಬಿಡುತ್ತದೆ. ಕಲೆ ಪೂರ್ತಿ ಹೋಗಲಿಕ್ಕಿಲ್ಲ, ಬಟ್ಟೆಗೆ ಹತ್ತದಿದ್ದರೆ ಸಾಕು. ಒಳಗೊಂದು ಹಳೇ ಬಟ್ಟೆ ಹಾಸಿಕೊಳ್ಳಿ.

ಜೆಜುವಿನಲ್ಲಿ ಸವೆದು ತೂತಾದ ಗುದೊಕ್ ಎಸೆಯುತ್ತಿರಲಿಲ್ಲ. ಮೈ ತುಂಬಾ ಹಳೇ ಬಟ್ಟೆಯೋ ಕಾಗದವೋ ಅಂಟಿಸಿ ಸಂದಿ ಮುಚ್ಚಿ, ಒಣ ಸಾಮಾನು ತುಂಬಿಡೋಕೆ ಬಳಸುತ್ತಿದ್ದರು. ನೀರು ಸೋರಲಿ ಅಂತ ಹೆಣೆದ ಬುಟ್ಟಿ ಮುಪ್ಪಿನಲ್ಲಿ ಕಾಳೂ ಸೋರದ ಬುಟ್ಟಿ ಆಗುತ್ತಿತ್ತು.

ಪ್ರಶ್ನೆ: ಇಷ್ಟು ಉಪಯೋಗದ ವಸ್ತು ಈಗ ಯಾಕೆ ಮರೆಯಾಯಿತು? ಪ್ಲಾಸ್ಟಿಕ್ ಕಾರಣವಾ?

ಪ್ಲಾಸ್ಟಿಕ್ ಕೂಡ ಕಾರಣ. ಆದರೆ ಪ್ಲಾಸ್ಟಿಕ್ ಬುಟ್ಟಿಗಿಂತ ಮುಂಚೆ ನಲ್ಲಿ ಬಂತು. 1960, 70ರ ದಶಕಗಳಲ್ಲಿ ಮನೆಮನೆಗೆ ನೀರು ಬಂದ ಮೇಲೆ ಬುಗ್ಗೆಗೆ ಹೋಗುವ ಕೆಲಸವೇ ನಿಂತಿತು. ನೀರಿನ ಬುಟ್ಟಿ ಮೂಲೆ ಸೇರಿತು, ಬಟ್ಟೆ ಬುಟ್ಟಿ ಅದರ ಹಿಂದೆಯೇ. ಇದಕ್ಕೆ ಕಣ್ಣೀರು ಹಾಕುವ ಮಂದಿ ಮೊದಲು ಒಂದು ಮಡಕೆ ನೀರು ಹೊತ್ತು ಕಲ್ಲು ದಾರಿಯಲ್ಲಿ ನಡೆದು ನೋಡಲಿ. ಚಿಪ್ಪಿ ಬುಟ್ಟಿ ಸ್ವಲ್ಪ ಕಾಲ ಉಳಿಯಿತು, ಆಮೇಲೆ ಬಲೆ ಚೀಲ, ಪ್ಲಾಸ್ಟಿಕ್ ಬಕೆಟ್ ಬಂದವು. ಮುಳುಗುಗಾರ್ತಿಯರ ಸಂಖ್ಯೆಯೂ ಇಳಿದಿದೆ. 1960ರ ದಶಕದಲ್ಲಿ 20,000ಕ್ಕೂ ಜಾಸ್ತಿ ಇದ್ದವರು ಈಗ 3,000ಕ್ಕೂ ಕಡಿಮೆ. ಅವರಲ್ಲೂ ಬಹುಪಾಲು 60 ದಾಟಿದವರು. ಅವರ ಸಂಸ್ಕೃತಿಯನ್ನು ಯುನೆಸ್ಕೊ 2016ರಲ್ಲಿ ತನ್ನ ಪಟ್ಟಿಗೆ ಸೇರಿಸಿತು.

ಹೆಣೆಯುವ ಊರುಗಳ ಕತೆಯಲ್ಲಿ ಇನ್ನೊಂದು ಕಹಿ ಸಂಗತಿಯೂ ಇದೆ. 1947ರಿಂದ 1954ರ ತನಕ ಜೆಜುವಿನಲ್ಲಿ ದಂಗೆ ಮತ್ತು ಅದನ್ನು ಹತ್ತಿಕ್ಕುವ ಹೆಸರಲ್ಲಿ ಭೀಕರ ಹತ್ಯೆಗಳು ನಡೆದವು. ಸತ್ತವರು 25,000ದಿಂದ 30,000 ಅಂತ ಅಂದಾಜು. 1948ರ ಚಳಿಗಾಲದಲ್ಲಿ ಬೆಟ್ಟದ ಕಡೆಯ ಎಷ್ಟೋ ಊರುಗಳನ್ನು ಸುಟ್ಟುಹಾಕಿದರು. ಅಂಥ ಊರುಗಳಲ್ಲಿ ಒಂದು ದೊಂಗ್ವಾಂಗ್ ಕಡೆಯ ಮುದುಂಗಿವಾತ್. ಅಲ್ಲಿ ಬಿದಿರು ಜಾಸ್ತಿ ಇತ್ತು, ಜನ ಚಾರೊಂಗ್ ಮತ್ತು ಟೋಪಿಯ ಭಾಗಗಳನ್ನು ಹೆಣೆಯುತ್ತಿದ್ದರು. ಊರು ಮತ್ತೆ ಏಳಲಿಲ್ಲ. ಇವತ್ತು ಅಲ್ಲಿ ಮನೆ ಎಲ್ಲಿತ್ತು ಅಂತ ಗುರುತು ಹಿಡಿಯೋದು ಹಿತ್ತಲ ಬಿದಿರಿನ ಮೆಳೆಗಳಿಂದ. ಗೋಡೆ ಹೋಗಿದೆ, ಬಿದಿರು ಬೆಳೆಯುತ್ತಲೇ ಇದೆ. 2003ರಲ್ಲಿ ಅಧ್ಯಕ್ಷ ರೊ ಮೂ-ಹ್ಯುನ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು.

ಪ್ರಶ್ನೆ: ಮುಂದಿನ ವರ್ಷ ಜೆಜುವಿಗೆ ಹೋಗುವ ಯೋಚನೆ ಇದೆ. ಈ ಬುಟ್ಟಿಗಳನ್ನು ಎಲ್ಲಿ ನೋಡಬಹುದು? ದಂಡೆಯಲ್ಲಿ ನಾವೂ ಒಂದಿಷ್ಟು ಚಿಪ್ಪಿ ಆರಿಸಬಹುದಾ?

ನೋಡೋಕೆ ಎರಡು ಜಾಗ ಸಾಕು. ಜೆಜು ನಗರದಲ್ಲಿರುವ ಜಾನಪದ ಮತ್ತು ಪ್ರಕೃತಿ ಇತಿಹಾಸ ವಸ್ತುಸಂಗ್ರಹಾಲಯ, 1984ರಲ್ಲಿ ತೆರೆದದ್ದು. ಇನ್ನೊಂದು ದ್ವೀಪದ ಈಶಾನ್ಯಕ್ಕೆ ಹಾದೊ-ರಿ ಊರಿನಲ್ಲಿರುವ ಹೆನ್ಯೊ ವಸ್ತುಸಂಗ್ರಹಾಲಯ, 2006ರದ್ದು. ಜಪಾನಿ ಆಡಳಿತದ ಕಾಲದಲ್ಲಿ, 1932ರಲ್ಲಿ, ಮುಳುಗುಗಾರ್ತಿಯರು ತಮಗಾಗುತ್ತಿದ್ದ ಮೋಸದ ವಿರುದ್ಧ ಬೀದಿಗಿಳಿದದ್ದು ಇದೇ ಸುತ್ತಮುತ್ತಲಲ್ಲಿ. ಸಮಯ ಇದ್ದರೆ ಸೊಂಗಪ್ ಜಾನಪದ ಗ್ರಾಮಕ್ಕೂ ಹೋಗಿ, ಹಳೇ ಮನೆಗಳನ್ನು ಹಾಗೇ ಇಟ್ಟಿದ್ದಾರೆ, ಮುಲ್‌ಪಾಂಗ್ ಎಲ್ಲಿರುತ್ತಿತ್ತು ಅಂತ ಕಣ್ಣಲ್ಲೇ ನೋಡಬಹುದು.

ಚಿಪ್ಪಿ ಆರಿಸೋದು ಮಾತ್ರ ಬೇಡ. ದಂಡೆಯ ಕಡಲು ಬಯಲಾಗಿ ಕಂಡರೂ ಹೆಚ್ಚಿನ ಕಡೆ ಅದು ಆಯಾ ಊರಿನ ಮೀನುಗಾರರ ಸಂಘದ ಹೊಲ ಇದ್ದ ಹಾಗೆ. ಮರಿ ಬಿಡೋದೂ ಅವರೇ, ಕಾಯೋದೂ ಅವರೇ. ಅವರಿಗೇ ಕಟ್ಟುನಿಟ್ಟು ಇದೆ. ಟರ್ಬನ್ ಚಿಪ್ಪು 7 ಸೆಂ.ಮೀ.ಗಿಂತ ಚಿಕ್ಕದಿದ್ದರೆ ತೆಗೆಯೋ ಹಾಗಿಲ್ಲ, ಮೊಟ್ಟೆ ಇಡುವ ಬೇಸಿಗೆ ತಿಂಗಳುಗಳಲ್ಲಿ ಮುಟ್ಟೋ ಹಾಗೇ ಇಲ್ಲ. ಹೊರಗಿನವರು ರಾತ್ರಿ ಟಾರ್ಚ್ ಹಿಡಿದು ಬಂದು ಆರಿಸೋದರ ಬಗ್ಗೆ ಅಲ್ಲಿ ಜಗಳಗಳೇ ಆಗಿವೆ. ಪ್ರವಾಸಿಗರಿಗೆ ಅಂತ ಊರಿನವರೇ ನಡೆಸುವ ಕಾರ್ಯಕ್ರಮ ಇದ್ದರೆ ಸೇರಿಕೊಳ್ಳಿ. ಇಲ್ಲದಿದ್ದರೆ ಯಾವುದಾದರೂ ಹೋಟೆಲಲ್ಲಿ ಕೂತು ಬೊಮಾಲ್ ಹಾಕಿದ ನೂಡಲ್ಸ್ ಸಾರು ತರಿಸಿಕೊಳ್ಳಿ. ಸಾರು ಹಸಿರು ಬಣ್ಣಕ್ಕೆ ಇರುತ್ತದೆ, ಕೆಟ್ಟಿದೆ ಅಂದುಕೊಂಡು ವಾಪಸ್ ಕಳಿಸಬೇಡಿ, ಅದು ಆ ಚಿಪ್ಪಿಯ ಒಳಭಾಗದ ಬಣ್ಣ.